ಅಂಗೈ ಬೇಡ, ತೋರುಬೆರಳು ಸಾಕು

"ಮೇಡಂ, ಇದನ್ನ ಅಳಿಸಬೇಕಾ?"

2024ರ ಏಪ್ರಿಲ್ ಮೊದಲ ವಾರ. ಲೋಕಸಭೆ ಚುನಾವಣೆಗೆ ಓಟು ಹಾಕಿ ಅಂತ ಹೇಳುವ ಚಿತ್ರ ಬರೆಯಲು ಬೆಂಗಳೂರಿನ ಮತ್ತೀಕೆರೆಯ ಒಂದು ಸರ್ಕಾರಿ ಶಾಲೆಯ ಕಾಂಪೌಂಡ್ ಗೋಡೆ ಮುಂದೆ ನಿಂತಿದ್ದೆವು. ನಾನು ಮತ್ತು ಚಿತ್ರಕಲೆ ಓದುವ ಹನ್ನೊಂದು ಮಕ್ಕಳು. ಬೆಳಿಗ್ಗೆ ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಗದಗಿನ ಹುಡುಗ ಇದ್ದಿಲಲ್ಲಿ ದೊಡ್ಡದೊಂದು ಅಂಗೈ ಬರೆದಿದ್ದ. ಐದೂ ಬೆರಳು ಬಿಡಿಸಿದ ಕೈ, ತೋರುಬೆರಳಿನ ಮೇಲೆ ಒಂದು ಶಾಯಿ ಗೆರೆ. ರೇಖೆ ಬಹಳ ಚೆನ್ನಾಗಿ ಬಂದಿತ್ತು. ಹಾಲು ತರಲು ಹೊರಟಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಇದು ಕಾಂಗ್ರೆಸ್ಸಿನ ಗುರುತಲ್ವಾ?" ಎಂದರು.

ಹುಡುಗ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಒದ್ದೆ ಬಟ್ಟೆ ತಗೊಂಡು ಒರೆಸಿಬಿಟ್ಟ.

ಆಮೇಲೆ ಒಂದು ಗಂಟೆ ಯಾರೂ ಗೋಡೆ ಮುಟ್ಟಲಿಲ್ಲ. ಫುಟ್‌ಪಾತ್ ಮೇಲೆ ಕೂತು ಏನೇನು ಬರೆಯಬಾರದು ಅಂತ ಲೆಕ್ಕ ಹಾಕಿದೆವು. ಕೈ ಬೇಡ. ಕಮಲ ಬೇಡ. ತೆನೆ ಹೊತ್ತ ಹೆಂಗಸು ಬೇಡ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಳ್ಳಿಯಿಂದ ಬಂದವರು. ಅವರ ಸ್ಕೆಚ್ ಬುಕ್ ತೆಗೆದರೆ ತಲೆ ಮೇಲೆ ಹೊರೆ ಹೊತ್ತ ಅಮ್ಮಂದಿರೇ ತುಂಬಿರುತ್ತಾರೆ. ಆನೆ ಬೇಡ, ಸೈಕಲ್ ಬೇಡ. ಕೋಲಾರದ ಹುಡುಗಿಗೆ ಆ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯನ್ನು ಬರೆಯುವ ಆಸೆ ಇತ್ತು. ಆದರೆ ಕೈಯಲ್ಲಿ ಪೊರಕೆ ಇರುತ್ತದೆ, ಅದೂ ಒಂದು ಪಕ್ಷದ್ದು. ಇನ್ನು ಪಕ್ಷೇತರರಿಗೆ ಕೊಡುವ ಮುಕ್ತ ಚಿಹ್ನೆಗಳ ಪಟ್ಟಿ ನೋಡಿದರೆ ಆಟೋ ಇದೆ, ಪ್ರೆಷರ್ ಕುಕ್ಕರ್ ಇದೆ, ಗ್ಯಾಸ್ ಸಿಲಿಂಡರ್ ಇದೆ. ಆಟೋ ಇಲ್ಲದೆ ಬೆಂಗಳೂರಿನ ಬೀದಿ ಬರೆಯುವುದು ಹೇಗೆ? ಬಣ್ಣದ್ದೂ ಅದೇ ಕಥೆ. ಕೇಸರಿ ಒಬ್ಬರದು, ಹಸಿರು ಇನ್ನೊಬ್ಬರದು, ನೀಲಿ ಮತ್ತೊಬ್ಬರದು.

ಒಬ್ಬ ಹುಡುಗನಿಗೆ ಸಿಟ್ಟೇ ಬಂತು. "ನಮ್ಮ ಕೈ ನಮ್ಮದಲ್ವಾ ಮೇಡಂ?" ಎಂದ. ಆ ಪ್ರಶ್ನೆ ನನ್ನಲ್ಲಿ ಇವತ್ತಿಗೂ ಉಳಿದಿದೆ.

ಅಲ್ಲೇ ಕೂತು ಅವರಿಗೆ ಚಿಹ್ನೆಗಳ ಕಥೆ ಹೇಳಿದೆ. 1951–52ರಲ್ಲಿ ಮೊದಲ ಮಹಾಚುನಾವಣೆ ನಡೆದಾಗ ದೇಶದಲ್ಲಿ ಓದು ಬರಹ ಬರುತ್ತಿದ್ದವರು ನೂರಕ್ಕೆ ಸುಮಾರು 18 ಜನ. ಮತದಾರರು 17 ಕೋಟಿಗೂ ಹೆಚ್ಚು. ಹೆಸರು ಓದಲು ಬಾರದವರು ಓಟು ಹಾಕುವುದು ಹೇಗೆ? ಅದಕ್ಕೇ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟರು, ಪೆಟ್ಟಿಗೆ ಮೇಲೆ ಚಿತ್ರ ಅಂಟಿಸಿದರು. ಜೋಡೆತ್ತು, ಗುಡಿಸಲು, ದೀಪ. ಜನ ಚಿತ್ರ ನೋಡಿ ಓಟು ಹಾಕಿದರು. ಚುನಾವಣಾ ಆಯೋಗದಲ್ಲಿ ಎಂ.ಎಸ್. ಸೇಠಿ ಅಂತ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದರು. ಪೆನ್ಸಿಲ್ ಹಿಡಿದು ದಿನಬಳಕೆಯ ವಸ್ತುಗಳನ್ನು ಒಂದೊಂದಾಗಿ ಬಿಡಿಸುವುದು ಅವರ ಕೆಲಸ. ಕೆಲಸ ಮಾಡುತ್ತಾ ಮಾಡುತ್ತಾ 1992ರಲ್ಲಿ ನಿವೃತ್ತರಾದರು. ಇವತ್ತಿಗೂ ನಮ್ಮ ಮತಯಂತ್ರದ ಮೇಲೆ ಕಾಣುವ ಎಷ್ಟೋ ಚಿಹ್ನೆಗಳು ಅವರ ಕೈಯಿಂದ ಬಂದವು. ಯಾವ ಅಭ್ಯರ್ಥಿಯೂ ಬೇಡ ಅನ್ನುವ ನೋಟಾದ ಗುರುತು ಹೊಸದು. ಮತಪತ್ರದ ಮೇಲೆ ಕಪ್ಪು ಅಡ್ಡಗೆರೆಗಳು. ಅದನ್ನು 2015ರಲ್ಲಿ ಮಾಡಿಕೊಟ್ಟಿದ್ದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಇವರ ಹಾಗೆಯೇ ಓದುವ ಮಕ್ಕಳಿರುವ ಒಂದು ಶಾಲೆ.

ಮಕ್ಕಳು ಸುಮ್ಮನೆ ಕೇಳಿದರು. ಚುನಾವಣೆ ಅಂದರೆ ಭಾಷಣ, ಮೈಕು, ಬಾವುಟ ಅಂದುಕೊಂಡವರಿಗೆ ಅದರ ನಡುವೆ ಒಂದು ಡ್ರಾಯಿಂಗ್ ಬೋರ್ಡ್ ಕೂಡ ಇದೆ ಅಂತ ಗೊತ್ತಾಯಿತು.

ದಾರಿ ಕಂಡಿದ್ದು ಗದಗಿನ ಹುಡುಗನಿಗೇ. "ಅಂಗೈ ಬೇಡ ಮೇಡಂ. ತೋರುಬೆರಳು ಸಾಕು" ಎಂದ. ಎಡಗೈಯ ತೋರುಬೆರಳು. ಅದು ಯಾವ ಪಕ್ಷದ್ದೂ ಅಲ್ಲ.

ಗೋಡೆಗೆ ಅನುಮತಿ ಮೊದಲೇ ತಗೊಂಡಿದ್ದೆವು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಒಳ್ಳೆಯ ಕೆಲಸ ಅಲ್ವಾ, ಯಾರು ಕೇಳುತ್ತಾರೆ ಅಂತ ಹೊರಡುವ ಹುಡುಗರು ಬಹಳ. ಕರ್ನಾಟಕದಲ್ಲಿ ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆ ಇದೆ. ಅನುಮತಿ ಇಲ್ಲದೆ ಗೋಡೆ ಮೇಲೆ ಬರೆದರೆ ಅದು ತಪ್ಪು, ಬರೆದಿದ್ದು ಎಷ್ಟು ಒಳ್ಳೆಯದಾದರೂ ಸರಿ. ಮಾರ್ಚ್ 16ಕ್ಕೆ ಚುನಾವಣಾ ನೀತಿಸಂಹಿತೆಯೂ ಬಂದಿತ್ತು. ಹಾಗಾಗಿ ಪತ್ರ, ಸಹಿ, ಸ್ಕೆಚ್‌ನ ಪ್ರತಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೊಂಡೇ ಗೋಡೆ ಹತ್ತಿರ ಬಂದಿದ್ದೆವು.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. 2019ರ ಏಪ್ರಿಲ್ 18. ಲೋಕಸಭೆ ಚುನಾವಣೆ. ಅದಕ್ಕೆ ಒಂದೂವರೆ ವರ್ಷ ಮುಂಚೆ ನಾವು ವಿಜಯನಗರದಿಂದ ಮತ್ತೀಕೆರೆಗೆ ಮನೆ ಬದಲಿಸಿದ್ದೆವು. ಫಾರಂ ತುಂಬಿ ಕೊಟ್ಟಿದ್ದೆ, ರಸೀದಿಯೂ ಇತ್ತು. ಬೆಳಿಗ್ಗೆ ಏಳಕ್ಕೇ ಬೂತಿಗೆ ಹೋದೆ. ಪಟ್ಟಿಯಲ್ಲಿ ಹೆಸರಿಲ್ಲ. ಹಳೇ ಏರಿಯಾಕ್ಕೆ ಹೋದೆ. ಅಲ್ಲಿ ಹೆಸರು ತೆಗೆದಿದ್ದರು. ಹಳೇ ಕಡೆ ಅಳಿಸಿದ್ದಾರೆ, ಹೊಸ ಕಡೆ ಸೇರಿಸಿಲ್ಲ. ಮಧ್ಯಾಹ್ನ ಒಂದೂವರೆಗೆ ಮನೆಗೆ ವಾಪಸ್ ಬಂದೆ. ಪಕ್ಕದ ಮನೆಯವರು ಶಾಯಿ ಹಚ್ಚಿದ ಬೆರಳು ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನನ್ನೂ ಕರೆದರು. ನಾನು ಕೈ ಸೀರೆ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ.

ಓಟು ಹಾಕದವರನ್ನು ಸೋಮಾರಿಗಳು ಅಂತ ಬೈಯುವಾಗ ನನಗೆ ಆ ದಿನ ನೆನಪಾಗುತ್ತದೆ. ನಮ್ಮ ಊರಿನ ಮತದಾನದ ಪ್ರಮಾಣ ಪ್ರತಿ ಸಲ ಬಂದಾಗಲೂ ಅದೇ ಬೈಗುಳ. ಐಟಿ ಹುಡುಗರು ರಜೆ ಹಾಕಿ ಪ್ರವಾಸ ಹೋದರು, ಅಪಾರ್ಟ್‌ಮೆಂಟಿನವರು ಎಸಿ ಹಾಕಿಕೊಂಡು ಮಲಗಿದರು. ಅಂಥವರು ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಮನೆ ಬದಲಿಸಿದವರ ಹೆಸರು ಹಳೇ ವಿಳಾಸದಲ್ಲೇ ಉಳಿದಿರುತ್ತದೆ. ಕೆಲವರ ಹೆಸರು ಎರಡು ಕಡೆ ಇರುತ್ತದೆ, ನನ್ನಂಥವರ ಹೆಸರು ಎಲ್ಲೂ ಇರುವುದಿಲ್ಲ. ವರ್ಷಕ್ಕೊಂದು ಬಾಡಿಗೆ ಮನೆ ಹುಡುಕುವ ಊರಿನಲ್ಲಿ ನೂರಕ್ಕೆ ಇಷ್ಟು ಅನ್ನುವ ಆ ಲೆಕ್ಕದ ಕೆಳಗಿನ ಅಂಕಿಯೇ, ಅಂದರೆ ಪಟ್ಟಿಯಲ್ಲಿರುವ ಒಟ್ಟು ಹೆಸರುಗಳ ಸಂಖ್ಯೆಯೇ, ಅಲುಗಾಡುತ್ತಿರುತ್ತದೆ. ಬೈಯುವ ಮುಂಚೆ ಕೇಳಬೇಕು ಅನ್ನುವುದು ನನ್ನ ಹಠ.

ಆ ಹಠವೇ ಮಕ್ಕಳ ಕೆಲಸದ ರೀತಿ ಬದಲಿಸಿತು. ಮೊದಲು ಅವರು ಮಾಡಿದ್ದು ಪೋಸ್ಟರ್. "ತಪ್ಪದೇ ಮತ ಚಲಾಯಿಸಿ", "ನಿಮ್ಮ ಮತ ನಿಮ್ಮ ಹಕ್ಕು". ಅಕ್ಷರ ಚೆಂದ, ಬಣ್ಣ ಚೆಂದ. ಎರಡು ದಿನ ಬಸ್ ಸ್ಟಾಪ್ ಹತ್ತಿರ ಹಿಡಿದು ನಿಂತರು. ಒಬ್ಬರೂ ನಿಲ್ಲಲಿಲ್ಲ. ನಿಲ್ಲುವುದಾದರೂ ಯಾಕೆ? ಅದೇ ಮಾತನ್ನು ಬಸ್ಸಿನ ಹಿಂದೆ, ಬಿಲ್ಲಿನ ಮೇಲೆ, ಫೋನಿನ ಕಾಲರ್ ಟ್ಯೂನಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ.

ಆಗ ನಾವು ಮೊಸಳೆಯ ಬಗ್ಗೆ ಮಾತಾಡಿದೆವು. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಒಂದು ಫೈಬರ್ ಮೊಸಳೆ ಇಟ್ಟರು. ಸುತ್ತ ನೀರಿಗೆ ಹಸಿರು ಬಣ್ಣ. ತಿಂಗಳುಗಟ್ಟಲೆ ಯಾರೂ ನೋಡದ ಗುಂಡಿಯನ್ನು ಆಮೇಲೆ ಊರೇ ನೋಡಿತು. ಗುಂಡಿ ಮುಚ್ಚಿದರು. 2019ರಲ್ಲಿ ಅವರೇ ಹೇರೋಹಳ್ಳಿ ಕಡೆಯ ಹಾಳಾದ ರಸ್ತೆಯನ್ನು ಚಂದ್ರನ ಮೇಲ್ಮೈ ಮಾಡಿ, ಗಗನಯಾತ್ರಿಯ ವೇಷದವನನ್ನು ಅದರ ಮೇಲೆ ನಡೆಸಿದರು. ಎರಡರಲ್ಲೂ ಒಂದೇ ಒಂದು ಘೋಷಣೆ ಇಲ್ಲ. "ನಮ್ಮ ಬೀದಿ ಅದು" ಅಂತ ಜನರಿಗೇ ಅನ್ನಿಸಿತು. ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ಪೋಸ್ಟರ್ ಕೆಳಗಿಡಿ, ಸ್ಕೆಚ್ ಬುಕ್ ತಗೊಳ್ಳಿ, ಹೋಗಿ ಯಾರದ್ದಾದರೂ ಬೆರಳು ಬರೆಯಿರಿ.

ಹತ್ತು ದಿನ ಅದೇ ಕೆಲಸ. ಜೆಪಿ ಪಾರ್ಕಿನ ಬೆಂಚು, ಯಶವಂತಪುರ ಸ್ಟೇಷನ್ ಹೊರಗಿನ ಟೀ ಅಂಗಡಿ, ತ್ರಿವೇಣಿ ರಸ್ತೆಯ ಟೈಲರ್ ಕಟ್ಟೆ. "ನಿಮ್ಮ ಎಡಗೈ ತೋರುಬೆರಳು ಒಂದು ಹತ್ತು ನಿಮಿಷ ಕೊಡ್ತೀರಾ?" ಅಂತ ಕೇಳುವುದು. ಮೊದಲು ಎಲ್ಲರಿಗೂ ಆಶ್ಚರ್ಯ. ಆಮೇಲೆ ಕೂರುತ್ತಿದ್ದರು. ಕೈಯನ್ನು ಯಾರಾದರೂ ಇಷ್ಟು ಗಮನ ಕೊಟ್ಟು ನೋಡಿದರೆ ಮನುಷ್ಯ ಮಾತಾಡಲು ಶುರು ಮಾಡುತ್ತಾನೆ. ಇದು ನನಗೆ ಮೂವತ್ತು ವರ್ಷ ಚಿತ್ರ ಬರೆದ ಮೇಲೆ ಕಂಡ ಹೊಸ ವಿಷಯ.

ಟೈಲರ್ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಚುಕ್ಕೆಗಳಿದ್ದವು. ಅವರ ಓಟು ಆಂಧ್ರದ ಹಿಂದೂಪುರದಲ್ಲಿ. ಇಲ್ಲಿಗೆ ಬಂದು ಹದಿನಾರು ವರ್ಷ. ಇಲ್ಲಿಗೆ ಬದಲಿಸೋಣ ಅಂದರೆ ಓನರ್ ಅಗ್ರಿಮೆಂಟ್ ಬರೆದುಕೊಡುವುದಿಲ್ಲ. ಡೆಲಿವರಿ ಹುಡುಗನೊಬ್ಬ ಬೆರಳು ಕೊಟ್ಟು, ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಲೇ ಹೇಳಿದ, "ಆವತ್ತು ಆರ್ಡರ್ ಜಾಸ್ತಿ ಇರುತ್ತೆ ಅಕ್ಕ, ಲಾಗಿನ್ ಆಗದಿದ್ರೆ ನನಗೇ ಲಾಸು." ಜಾಲಹಳ್ಳಿಯ ಬಿಇಎಲ್‌ನಲ್ಲಿ ದುಡಿದು ನಿವೃತ್ತರಾದವರೊಬ್ಬರು ಬೆರಳು ಚಾಚಿ ಬಹಳ ಹೊತ್ತು ಮಾತಾಡಿದರು. ದೇಶದ ಮತಯಂತ್ರಗಳನ್ನು ತಯಾರಿಸುವುದು ಎರಡೇ ಸಂಸ್ಥೆ. ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ಇವರ ಬಿಇಎಲ್. "ಯಂತ್ರ ನಮ್ಮೂರಲ್ಲೇ ಹುಟ್ಟುತ್ತೆ. ಅದರ ಗುಂಡಿ ಒತ್ತೋಕೆ ನಮ್ಮೂರವರಿಗೇ ಪುರುಸೊತ್ತಿಲ್ಲ" ಎಂದರು. ಅವರ ಧ್ವನಿಯಲ್ಲಿ ನಿಜವಾದ ನೋವಿತ್ತು.

ಹೂವು ಮಾರುವ ಅಜ್ಜಿಯ ಬೆರಳು ಬರೆದಿದ್ದು ಕೋಲಾರದ ಹುಡುಗಿ. ದಾರ ಕಟ್ಟಿ ಕಟ್ಟಿ ಬೆರಳಿನ ಗೆಣ್ಣಿನ ಹತ್ತಿರ ಒಂದು ಹಳ್ಳವೇ ಬಿದ್ದಿತ್ತು. ಅಜ್ಜಿ ಒಂದು ಸಲವೂ ಓಟು ತಪ್ಪಿಸಿಲ್ಲವಂತೆ. ಯಾಕೆ ಅಂತ ಕೇಳಿದಳು. "ಆವತ್ತೊಂದಿನ ಕಾರಲ್ಲಿ ಬಂದೋರೂ ನನ್ ಹಿಂದೇನೇ ನಿಂತ್ಕೋತಾರೆ ಕಣವ್ವ" ಎಂದಳು ಅಜ್ಜಿ. ಹುಡುಗಿ ಆ ಮಾತನ್ನು ಚಿತ್ರದ ಕೆಳಗೆ ಹಾಗೇ ಬರೆದುಕೊಂಡು ಬಂದಳು. ಅಷ್ಟು ದಿನ ಹುಡುಕುತ್ತಿದ್ದ ಸಾಲು ಅದು. ಗೋಡೆಯ ಮೇಲೆ ಕೊನೆಗೆ ನಾವು ಬರೆದ ಒಂದೇ ಒಂದು ವಾಕ್ಯವೂ ಅದೇ.

ಗೋಡೆ ಮೇಲೆ ಇಪ್ಪತ್ತಾರು ಬೆರಳು. ಒಂದೊಂದೂ ಐದಡಿ ಎತ್ತರ. ಹಿನ್ನೆಲೆ ಬರೀ ಸುಣ್ಣದ ಬಿಳಿ. ಮೈಬಣ್ಣ ಒಂದೊಂದಕ್ಕೂ ಬೇರೆ ಕಲೆಸಿದರು. ಗೋಧಿ, ಕಂದು, ಎಣ್ಣೆಗಪ್ಪು. ಶಾಯಿಯ ಗೆರೆಗೆ ಮಾತ್ರ ಎಲ್ಲರಿಗೂ ಒಂದೇ ಡಬ್ಬಿ ಬಣ್ಣ. ಉಗುರಿನ ಮೇಲಿಂದ ಮೊದಲ ಗೆಣ್ಣಿನವರೆಗೆ ಉದ್ದ ಗೆರೆ. 2006ರಿಂದ ಹಾಗೇ ಹಚ್ಚುವುದು.

ಆ ಶಾಯಿಯ ಬಗ್ಗೆ ನನಗೆ ವಿಶೇಷ ಪ್ರೀತಿ. ಅದು ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಕಟ್ಟಿಸಿದರು. ಅದೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಲ್ಲಿಂದಲೇ ಶಾಯಿ ಹೋಗುತ್ತದೆ. ಅದರೊಳಗೆ ಸಿಲ್ವರ್ ನೈಟ್ರೇಟ್ ಇರುತ್ತದೆ. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದ ಮೇಲೆ ಕಪ್ಪಾಗುತ್ತದೆ. ಹಚ್ಚುವಾಗ ನೇರಳೆ, ಬಿಸಿಲಿಗೆ ಬಂದ ಮೇಲೆ ಗಾಢ. ಹಳೇ ಕಾಲದ ಫೋಟೋ ಕಾಗದದಲ್ಲೂ ಕೆಲಸ ಮಾಡುತ್ತಿದ್ದದ್ದು ಬೆಳ್ಳಿಯೇ. ಡಾರ್ಕ್‌ರೂಮ್ ಕಲಿತ ಹುಡುಗನೊಬ್ಬ ಇದನ್ನು ಕೇಳಿ ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಆದರೆ ಪಟ್ಟಿಯಲ್ಲಿ ಹೆಸರಿರಲಿಲ್ಲ.

ನಮ್ಮ ದೊಡ್ಡ ತಪ್ಪು ಅಲ್ಲೇ ಕಂಡಿದ್ದು. ಹೆಸರು ಸೇರಿಸುವ ಕಾಲ ಮುಗಿದ ಮೇಲೆ ನಾವು ಬಣ್ಣ ಹಿಡಿದು ಬೀದಿಗೆ ಬಂದಿದ್ದೆವು. ಟೈಲರ್‌ಗೆ, ಆ ಹುಡುಗನಿಗೆ, 2019ರ ನನ್ನಂಥವರಿಗೆ ಏಪ್ರಿಲ್‌ನಲ್ಲಿ ಬರೆದ ಗೋಡೆಯಿಂದ ಏನೂ ಆಗುವುದಿಲ್ಲ. ಕಾಲೇಜುಗಳು, ಸಂಘಗಳು, ಕಲಾವಿದರು ಎಲ್ಲರೂ ಚುನಾವಣೆಗೆ ಮೂರು ವಾರ ಇರುವಾಗಲೇ ಎದ್ದೇಳುತ್ತೇವೆ. ಪಟ್ಟಿ ತಯಾರಾಗುವುದು ವರ್ಷವಿಡೀ, ಯಾರೂ ನೋಡದ ತಿಂಗಳುಗಳಲ್ಲಿ. ಚಿತ್ರ ಬೇಕಾಗಿರುವುದು ಆಗ.

ಏಪ್ರಿಲ್ 26ರಂದು ಆ ಶಾಲೆಯಲ್ಲೇ ಬೂತ್ ಇತ್ತು. ಮಕ್ಕಳಿಗೆ ನಾನು ಮೊದಲೇ ಹೇಳಿದ್ದೆ, ಆವತ್ತು ಗೋಡೆ ಹತ್ತಿರ ಗುಂಪಾಗಿ ನಿಲ್ಲಬೇಡಿ ಅಂತ. ಆದರೂ ಎದುರಿನ ಬೇಕರಿಯಲ್ಲಿ ಕೂತು ನೋಡಿದರು. ಸಾಲು ಗೋಡೆ ಪಕ್ಕದಲ್ಲೇ ಹೋಗಿತ್ತು. ಬಿಸಿಲು ಭಯಂಕರ. ಆ ಬೇಸಿಗೆ ನೆನಪಿದೆಯಲ್ವಾ, ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ಬೇಸಿಗೆ. ಜನ ನಿಂತಲ್ಲೇ ತಮ್ಮ ಬೆರಳನ್ನು ಗೋಡೆಯ ಬೆರಳಿನ ಪಕ್ಕ ಹಿಡಿದು ನೋಡುತ್ತಿದ್ದರು. ಹೂವಿನ ಅಜ್ಜಿ ಬಂದಳು. ತನ್ನ ಮಾತನ್ನು ಓದಲು ಅವಳಿಗೆ ಬರುತ್ತಿರಲಿಲ್ಲ. ಹಿಂದೆ ನಿಂತಿದ್ದ ಪ್ಯಾಂಟು ಶರ್ಟಿನ ಗಂಡಸು ಓದಿ ಹೇಳಿದರು. ಅಜ್ಜಿ ಹಿಂದೆ ತಿರುಗಿ ಅವರನ್ನು ನೋಡಿದಳು. ನಾನು ಅವರಿಬ್ಬರ ಹಿಂದೆ ನಾಲ್ಕನೆಯವಳಾಗಿ ನಿಂತಿದ್ದೆ. ನನ್ನ ಹೆಸರು ಪಟ್ಟಿಯಲ್ಲಿತ್ತು.

ಬೆಂಗಳೂರು ಉತ್ತರದಲ್ಲಿ ಆವತ್ತು ಓಟು ಹಾಕಿದವರು ನೂರಕ್ಕೆ ಸುಮಾರು 54 ಜನ. ಸೆಂಟ್ರಲ್‌ನಲ್ಲೂ 54, ದಕ್ಷಿಣದಲ್ಲಿ 53. ಅದೇ ದಿನ ಮಂಡ್ಯದಲ್ಲಿ 80 ದಾಟಿತು. ಸಂಜೆ ಅಂಕಿ ನೋಡಿ ಮಕ್ಕಳ ಮುಖ ಸಪ್ಪೆಯಾಯಿತು. ನಮ್ಮ ಗೋಡೆಯಿಂದ ಒಬ್ಬರಾದರೂ ಬಂದರಾ ಅಂತ ಹೇಳಲು ಯಾವ ದಾರಿಯೂ ಇಲ್ಲ. ನಾನು ಸುಳ್ಳು ಸಮಾಧಾನ ಹೇಳಲಿಲ್ಲ.

ಗದಗಿನ ಹುಡುಗನ ಓಟು ಇದ್ದದ್ದು ಊರಲ್ಲಿ. ಅಲ್ಲಿ ಎರಡನೇ ಹಂತ, ಮೇ 7ಕ್ಕೆ. ಬೆಂಗಳೂರಿನಲ್ಲಿ ಇಪ್ಪತ್ತು ದಿನ ಬೇರೆಯವರಿಗೆ ಓಟು ಹಾಕಿ ಅಂದವನು, ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತೇ ಊರಿಗೆ ಹೋದ. ಹೋಗಿಬಂದು ಬೆರಳು ತೋರಿಸಿದ. ಅದನ್ನು ಬರೆಯುವಾಗ ನಾನು ಪೆನ್ಸಿಲ್ ಹಿಡಿದೆ. ಇಪ್ಪತ್ತೇಳನೆಯ ಬೆರಳು. ಅದು ಗೋಡೆ ಮೇಲಿಲ್ಲ, ನನ್ನ ಸ್ಕೆಚ್ ಬುಕ್‌ನಲ್ಲಿದೆ.

ಜುಲೈಯಲ್ಲಿ ಕಾಲೇಜಿನ ಮರದ ಕೆಳಗೆ ಒಂದು ಮೇಜು ಹಾಕಿದೆವು. ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನ, ಅಂದರೆ ಹದಿನೆಂಟು ತುಂಬಿದೆಯಾ ಅಂತ ಲೆಕ್ಕ ಹಾಕುವ ದಿನ, ಇವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಹೊಸ ಹೆಸರಿಗೆ ಫಾರಂ 6, ಮನೆ ಬದಲಿಸಿದವರಿಗೆ ಫಾರಂ 8. ಒಬ್ಬರು ಫಾರಂ ತುಂಬಿಸುವುದು, ಎದುರು ಕೂತ ಇನ್ನೊಬ್ಬರು ಅವರ ಮುಖ ಬರೆಯುವುದು. ಫಾರಂ ಮುಗಿಯುವ ಹೊತ್ತಿಗೆ ಸ್ಕೆಚ್ಚೂ ಮುಗಿಯುತ್ತಿತ್ತು. ಡಾರ್ಕ್‌ರೂಮ್ ಹುಡುಗ ಮೊದಲು ಕೂತ. ಟೈಲರ್‌ನ ಹುಡುಕಿಕೊಂಡು ಹೋಗಿ, ಅಗ್ರಿಮೆಂಟ್ ಇಲ್ಲದಿದ್ದರೂ ಬ್ಯಾಂಕ್ ಪಾಸ್‌ಬುಕ್ಕಿನ ವಿಳಾಸ ನಡೆಯುತ್ತದೆ ಅಂತ ಹೇಳಿದವಳು ಕೋಲಾರದ ಹುಡುಗಿ.

ಅವಳೇ ಒಂದು ದಿನ ನನ್ನನ್ನು ಕೇಳಿದಳು. "ನಮ್ಮ ವಾರ್ಡಿಗೆ ಯಾರು ಮೇಡಂ?" ಅವಳು ಬೆಂಗಳೂರಿಗೆ ಹೆಸರು ಬದಲಿಸಿಕೊಂಡಿದ್ದಳು. ಪೌರಕಾರ್ಮಿಕ ಮಹಿಳೆಯ ಮಾತು ಅವಳ ತಲೆಯಿಂದ ಹೋಗಿರಲಿಲ್ಲ. ಕಸದ ಗಾಡಿ ಎರಡು ದಿನ ಬರದಿದ್ದರೆ ಯಾರನ್ನು ಕೇಳಬೇಕು ಅಂತ ಆಕೆಗೂ ಗೊತ್ತಿಲ್ಲವಂತೆ. ನಾನು ಹೇಳಿದೆ, ಯಾರೂ ಇಲ್ಲ. ಈ ಊರಿನ ಪಾಲಿಕೆಗೆ ಕೊನೆಯ ಚುನಾವಣೆ ನಡೆದಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿಯಿತು. ಆಮೇಲೆ ಅಧಿಕಾರಿಗಳೇ. 2015ರಲ್ಲಿ ಅವಳಿಗೆ ಹನ್ನೊಂದು ವರ್ಷ.

ದೆಹಲಿಗೆ ಯಾರು ಹೋಗಬೇಕು ಅಂತ ಕೇಳುತ್ತಾರೆ, ಚರಂಡಿ ಮುಂದೆ ಯಾರು ನಿಲ್ಲಬೇಕು ಅಂತ ಕೇಳುವುದಿಲ್ಲ. ಈ ಮಾತು ಅವಳದು. ಹೇಳುವಾಗ ಅವಳಿಗೆ ಕಣ್ಣಲ್ಲಿ ನೀರು ಬಂತು. ನಾನು ಪ್ರತಿ ಸಲ ಈ ವಿಷಯ ಬರೆಯಲು ಕೂತಾಗ ನನಗೂ ಅಷ್ಟೇ ಸಿಟ್ಟು ಬರುತ್ತದೆ. ಹತ್ತು ವರ್ಷದಲ್ಲಿ ಒಂದು ತಲೆಮಾರಿನ ಮಕ್ಕಳು ಹದಿನೆಂಟು ದಾಟಿದ್ದಾರೆ. ತಮ್ಮ ಬೀದಿಗೆ ಒಬ್ಬರನ್ನು ಆರಿಸುವುದು ಹೇಗಿರುತ್ತದೆ ಅಂತ ಅವರು ನೋಡೇ ಇಲ್ಲ. ಅವರಿಗೆ ನಾಗರಿಕ ಪ್ರಜ್ಞೆ ಇಲ್ಲ ಅಂತ ಅನ್ನುವ ಹಕ್ಕು ನಮಗೆ ಎಲ್ಲಿಂದ ಬಂತು?

ಅವಳು ಪ್ರಿಂಟ್‌ಮೇಕಿಂಗ್ ವಿದ್ಯಾರ್ಥಿನಿ. ಕೊರೆದು ಅಚ್ಚು ಹಾಕುವ ಲಿನೋ ಹಾಳೆಯ ಮೇಲೆ ಚಿಕ್ಕ ಚಿಕ್ಕ ಚೌಕ ಕೊರೆಯಲು ಶುರು ಮಾಡಿದಳು. 198 ಚೌಕ. 2015ರಲ್ಲಿ ಅಷ್ಟು ವಾರ್ಡ್ ಇದ್ದವು. ಒಳಗೆ ಏನೂ ಇಲ್ಲ, ಖಾಲಿ. ಮುಗಿಸಿದ ಮೇಲೆ ಗೊತ್ತಾಯಿತು, 2022ರಲ್ಲಿ ಅದನ್ನು 243 ಮಾಡಿದ್ದರು ಅಂತ. ಎರಡನೇ ಹಾಳೆ ಕೊರೆದಳು. 2023ರಲ್ಲಿ ಮತ್ತೆ 225. ಮೂರನೇ ಹಾಳೆ. ಚುನಾವಣೆ ಇಲ್ಲದೆಯೇ ಗೆರೆ ಎರಡು ಸಲ ಬದಲಾಗಿತ್ತು. ಮೂರನ್ನೂ ಒಂದರ ಮೇಲೊಂದು ಮೂರು ಬಣ್ಣದಲ್ಲಿ ಅಚ್ಚು ಹಾಕಿದಳು. ಚೌಕಗಳು ಒಂದಕ್ಕೊಂದು ಹೊಂದುವುದಿಲ್ಲ. ಗೆರೆ ಗೆರೆ ಅಡ್ಡಾದಿಡ್ಡಿ ಸೇರಿ, ಮಳೆಗೆ ಒದ್ದೆಯಾದ ಬಲೆಯ ಹಾಗೆ ಕಾಣುತ್ತದೆ. ಅವಳ ಕೊನೆಯ ವರ್ಷದ ಪ್ರದರ್ಶನದಲ್ಲಿ ಜನ ಅದರ ಮುಂದೆ ನಿಂತು ತಮ್ಮ ವಾರ್ಡ್ ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ. ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು. ಹಾಗೆ ಮಾತು ಶುರುವಾಗುತ್ತಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಯಿತು. ನವೆಂಬರ್‌ನಲ್ಲಿ ವಾರ್ಡ್‌ಗಳ ಹೊಸ ಪಟ್ಟಿ ಬಂತು, ಒಟ್ಟು 369. ಅವಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಪ್ರೆಸ್ ಬಳಸಲು ಶನಿವಾರ ಕಾಲೇಜಿಗೆ ಬರುತ್ತಾಳೆ. ಆ ಶನಿವಾರವೂ ಬಂದಳು. ಚೀಲದಲ್ಲಿ ಹೊಸ ಲಿನೋ ಹಾಳೆ, ಹಿಂದಿನದಕ್ಕಿಂತ ದೊಡ್ಡದು. ಮೇಜಿನ ಮೇಲೆ ಹರವಿ, ಸ್ಕೇಲ್ ಇಟ್ಟು ಗೆರೆ ಎಳೆಯತೊಡಗಿದಳು. ಈ ಸಲ ಚೌಕ ಸ್ವಲ್ಪ ದೊಡ್ಡದಾಗಿ ಮಾಡುತ್ತಿದ್ದಳು. ಯಾಕೆ ಅಂತ ಕೇಳಿದೆ.

"ಒಳಗೆ ಮುಖ ಬರೀಬೇಕಲ್ವಾ ಮೇಡಂ" ಎಂದಳು, ತಲೆ ಎತ್ತದೆ.